ಹನ್ನೊಂದನೆಯ ಬೋರು

ಬೆಳ್ಳಿ ಹುಡುಕಿಕೊಂಡು ಆ ಗುಡ್ಡದಲ್ಲಿ ಹತ್ತು ಬೋರು ಕೊರೆದಾಗಿತ್ತು. ಹತ್ತರಲ್ಲೂ ಬರೀ ಕಲ್ಲುಪುಡಿ. ಹನ್ನೊಂದರಲ್ಲೂ ಸಿಗದಿದ್ದರೆ ಯಂತ್ರ ಕಟ್ಟಿಕೊಂಡು ವಾಪಸ್ ಬನ್ನಿ ಎಂದು ಕಂಪನಿ ಬರೆದಿತ್ತು. ಅಂದರೆ ಭೂವಿಜ್ಞಾನಿ ವಸುಮತಿಯ ಕೆಲಸವೂ ಹೋಯಿತು, ಬೋರು ಕೊರೆಯುವ ಓಬಣ್ಣನದೂ ಹೋಯಿತು.

“ಮೇಡಂ, ಇಷ್ಟು ಸಲ ಬರೀ ಕಾಯಿ ಒಡೆದು ಶುರು ಮಾಡಿದ್ವಿ. ಈ ಸಲದ ಪೂಜೆ ನನಗೆ ಬಿಡ್ರಿ,” ಎಂದ ಓಬಣ್ಣ.

“ಹೇಗಾದ್ರೂ ಮಾಡ್ಕೊಳ್ಳಿ. ಹತ್ತು ಗಂಟೆಗೆ ಯಂತ್ರ ತಿರುಗಿದ್ರೆ ಸಾಕು.”

ಮೇಲೆ ಬಂದ ಪುಡಿಯನ್ನು ಮೀಟರಿಗೊಂದು ಚೀಲದಂತೆ ತುಂಬಿ ಪರೀಕ್ಷೆಗೆ ಕಳಿಸಿದರು. ಎರಡು ವಾರಕ್ಕೆ ವರದಿ ಬಂತು. ವಸುಮತಿ ಅದನ್ನು ಮೂರು ಸಲ ಓದಿದಳು.

“ಓಬಣ್ಣ, ಬೆಳ್ಳಿ ಇದೆ. ಅದೂ ಮೊದಲನೇ ಚೀಲದಲ್ಲೇ. ಇಷ್ಟು ಮೇಲೆ ಇಷ್ಟೊಂದು ಬೆಳ್ಳಿ ಸಿಕ್ಕಿದ್ದು ನಾನು ಪುಸ್ತಕದಲ್ಲೂ ಓದಿಲ್ಲ.”

“ತಾಯಿ ಕೈಬಿಡಲ್ಲ ಮೇಡಂ.”

“ಕಂಪನಿಯವರು ಗಣಿ ತೆಗೆಯೋಕೆ ಒಪ್ಪಿದ್ದಾರೆ. ರಸ್ತೆ ಮಾಡ್ತಾರಂತೆ, ನಮಗೆಲ್ಲ ಕ್ವಾರ್ಟರ್ಸು ಕಟ್ತಾರಂತೆ. ಪಕ್ಕದಲ್ಲೇ ಇನ್ನೊಂದು ಬೋರು ಕೊರೆದು ಖಾತ್ರಿ ಮಾಡಿ ಅಂದಿದ್ದಾರೆ, ಅಷ್ಟೇ. ನಾಳೆನೇ ಶುರು ಮಾಡೋಣ.”

ಓಬಣ್ಣ ತಲೆ ಕೆರೆದುಕೊಂಡ.

“ನಾಳೆ ಆಗಲ್ಲ ಮೇಡಂ, ಒಂದ್ಸಲ ಊರಿಗೆ ಹೋಗಿ ಬರ್ಬೇಕು. ಹೋದ ಸಲ ಪೂಜೆ ಮಾಡಿ ಬೋರಿಗೆ ಹಾಕಿದ್ದು ನಮ್ಮನೆಯವಳ ಎಡಗಾಲಿನ ಬೆಳ್ಳಿ ಕಡಗ. ಬಲಗಾಲಿಂದು ಇನ್ನೂ ಅವಳ ಕಾಲಲ್ಲೇ ಐತೆ.”