ಜೋಡಿ ಕಲ್ಲು

“ಎರಡನೇ ಹೆಂಡತೀನ ಇಲ್ಲಿ ಹೂತಿಲ್ಲ,” ಎಂದಳು ಮನೆ ತೋರಿಸುವ ಹೆಂಗಸು. ಹಳೇ ಕಾಲದ ನಿಲುವಂಗಿ ತೊಟ್ಟು ಇಳಿಬಿಸಿಲಿಗೂ ಬೆವರುತ್ತಿದ್ದಳು. “ಅಧ್ಯಕ್ಷರು ಶ್ವೇತಭವನಕ್ಕೆ ಹೋಗೋ ಮುಂಚೇನೇ ಮೊದಲನೆಯವರು ತೀರಿಕೊಂಡಿದ್ರು. ಪ್ರಥಮ ಮಹಿಳೆಯಾಗಿ ಅಲ್ಲಿ ಎಲ್ಲಾ ನಡೆಸಿದ್ದು, ಆಮೇಲೆ ಅವರಿಗೆ ಲಕ್ವ ಹೊಡೆದಾಗ ಊಟ ಮಾಡಿಸಿದ್ದು, ಎರಡನೆಯವರು. ಆದ್ರೆ ಅಧ್ಯಕ್ಷರು ಮಲಗಿರೋದು ಮೊದಲನೆಯವರ ಪಕ್ಕಾನೇ.”

ಹಿತ್ತಲಿನ ಆ ಜೋಡಿ ಗೋರಿಕಲ್ಲಿನ ಮುಂದೆ ವರ್ಲಿನ್ ಟೋಪಿ ತೆಗೆದು ನಿಂತ. ಬೇಸಿಗೆ ಬಂತೆಂದರೆ ಸತ್ತ ಅಧ್ಯಕ್ಷನೊಬ್ಬನ ಮನೆಗೆ ಸಂಸಾರವನ್ನು ಕರೆದುಕೊಂಡು ಹೋಗದಿದ್ದರೆ ಈ ಮುದುಕನಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಹೋದಲ್ಲೆಲ್ಲ ಹೆಂಡತಿ ನಡೀನಳನ್ನು ಅಧ್ಯಕ್ಷನ ಹೆಂಡತಿಯ ಚಿತ್ರದ ಪಕ್ಕ ನಿಲ್ಲಿಸಿ, “ಇವಳು ನನ್ನ ಪ್ರಥಮ ಮಹಿಳೆ” ಎಂದು ಟಿಕೆಟ್ ಹರಿಯುವವರಿಗೂ ಹೇಳಿ ನಗುತ್ತಾನೆ. ನಡೀನ್ ಅವನ ಎರಡನೇ ಹೆಂಡತಿ. ಜೊತೆಗೆ ಬಂದಿದ್ದ ಡಾರ್ಲಾ ಮೊದಲನೆಯವಳ ಮಗಳು.

“ಮತ್ತೆ ಆ ಎರಡನೆಯವರು ಎಲ್ಲಿದಾರೆ?” ಎಂದು ನಡೀನ್ ಕೇಳಿದಳು.

“ಓಹಾಯೋದಲ್ಲಿ, ಅವರ ಅಕ್ಕ ಭಾವನ ಜಾಗದಲ್ಲಿ.”

“ಅಲ್ಲೇ ಇಡಿ ಅಂತ ಅವರೇ ಹೇಳಿದ್ರಾ?”

ಹೆಂಗಸು ತಡವರಿಸಿದಳು. “ಅದನ್ನ ಇಲ್ಲೀವರೆಗೆ ಯಾರೂ ಕೇಳಿಲ್ಲ, ಮೇಡಂ. ಅಂಗಡೀಲಿ ಅವರ ಕೈರುಚಿಯ ಶುಂಠಿ ಬಿಸ್ಕತ್ತು ಸಿಗತ್ತೆ, ಹೋಗ್ತಾ ತಗೊಳ್ಳಿ,” ಎಂದು ಹೇಳಿ ಒಳಗೆ ಹೋದಳು.

“ಮೊದಲನೆಯವಳಿಗೆ ಕೊಟ್ಟ ಮಾತು ಉಳಿಸ್ಕೊಂಡಿದಾನೆ, ಪುಣ್ಯಾತ್ಮ,” ಎಂದ ವರ್ಲಿನ್. ಚುಚ್ಚಬೇಕೆಂದು ಹೇಳಿದ್ದಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು.

ಅವರ ಕಡೆ ಗಂಡಹೆಂಡಿರಲ್ಲಿ ಒಬ್ಬರು ಹೋದಾಗಲೇ ಇಬ್ಬರ ಹೆಸರನ್ನೂ ಒಂದೇ ಕಲ್ಲಿಗೆ ಕೆತ್ತಿಸಿಬಿಡುತ್ತಾರೆ. ಇಂಡಿಯಾನಾದ ಅವರೂರಿನ ಚರ್ಚಿನ ಹಿಂದೆ ಅಂಥದೊಂದು ಕಲ್ಲಿದೆ. ಒಂದು ಕಡೆ ಸತ್ತ ಮೊದಲ ಹೆಂಡತಿ ಆರ್ಲೀನಳ ಹೆಸರು. ಇನ್ನೊಂದು ಕಡೆ ವರ್ಲಿನ್‌ನ ಹೆಸರು, ಹುಟ್ಟಿದ ವರ್ಷ, ಒಂದು ಗೀಟು, ಗೀಟಿನ ಮುಂದೆ ಸಾವಿನ ವರ್ಷಕ್ಕೆಂದು ಬಿಟ್ಟ ಖಾಲಿ ಜಾಗ. ಮೇ ತಿಂಗಳಲ್ಲಿ ಗೋರಿಗಳಿಗೆ ಹೂವಿಡುವ ದಿನ ಸೋಪಿನ ನೀರು, ಬ್ರಷ್ಷು ಹಿಡಿದು ಅದನ್ನು ತಿಕ್ಕುವವಳು ನಡೀನ್. ಡಾರ್ಲಾಗೆ ಮಂಡಿ ನೋವು. ಸವತಿಯ ಹೆಸರಿಗೆ ಕಟ್ಟಿದ ಪಾಚಿ ಕೆರೆದು ಗಂಡನ ಗೀಟಿಗೆ ಬರುವಾಗ ಪ್ರತಿ ಸಲವೂ ನಡೀನಳ ಕೈ ನಿಧಾನವಾಗುತ್ತದೆ. ತನ್ನ ಹೆಸರಿಗೆ ಜಾಗ ಎಲ್ಲಿ ಎಂದು ಅವಳು ಬಾಯಿಬಿಟ್ಟು ಕೇಳಿರಲಿಲ್ಲ. ಅವನಾಗಿಯೇ ಹೇಳಲಿ ಎಂದು ಇಷ್ಟು ವರ್ಷ ಕಾದಳು, ಹುಚ್ಚಿ.

ಇವತ್ತು ಕೇಳಿಯೇಬಿಟ್ಟಳು.

“ವರ್ಲಿನ್, ನನ್ನನ್ನ ಎಲ್ಲಿ ಇಡ್ತೀಯ?”

“ಎಲ್ಲಿ ಅಂದ್ರೆ? ಕಾರಲ್ಲಿ, ಮುಂದಿನ ಸೀಟಲ್ಲಿ,” ಎಂದು ಅವನು ನಕ್ಕ.

“ಸತ್ತ ಮೇಲೆ.”

ವರ್ಲಿನ್ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. “ಒಳ್ಳೇ ದಿನ ಹಾಳು ಮಾಡ್ಬೇಡ ಕಣೇ. ಕೆಂಟಕೀಲಿ ನಿಮ್ಮನೆಯೋರ ಜಾಗ ಇದೆಯಲ್ಲ.”

“ಅದು ತುಂಬಿಹೋಯ್ತು. ನನ್ನ ತಮ್ಮನ್ನ ಹೂತಾಗ ನೀನೂ ಇದ್ಯಲ್ಲ.”

ಅವನು ಮಗಳ ಮುಖ ನೋಡಿದ. ಉತ್ತರ ಡಾರ್ಲಾಳ ಬಾಯಲ್ಲಿ ಸಿದ್ಧವಾಗಿತ್ತು.

“ನಾನು ಚರ್ಚಲ್ಲಿ ವಿಚಾರಿಸಿದೀನಿ, ನಡೀನ್. ಅಮ್ಮನ ಪಕ್ಕ ಅಪ್ಪ, ಅಪ್ಪನ ಪಕ್ಕ ನಾನು, ನನ್ನ ಗಂಡ. ಅಲ್ಲಿಗೆ ಮುಗೀತು. ಆದ್ರೆ ನೀವು ಸುಡೋಕೆ ಒಪ್ಕೊಂಡ್ರೆ, ಬೂದೀನ ಅಪ್ಪನ ಕಾಲ ಹತ್ರ ಇಡಬಹುದಂತೆ. ಕಲ್ಲು ಮಾತ್ರ ಹಾಕೋ ಹಾಗಿಲ್ಲ. ಹುಲ್ಲು ಕತ್ತರಿಸೋ ಯಂತ್ರಕ್ಕೆ ಅಡ್ಡ ಬರುತ್ತಂತೆ.”

ದೊಡ್ಡ ಉಪಕಾರ ಮಾಡಿದವಳ ಹಾಗೆ ಅವಳ ಮುಖ ಅರಳಿತ್ತು. ನಡೀನ್ ಗಂಡನ ಕಾಲುಗಳನ್ನು ನೋಡಿದಳು. ಸಕ್ಕರೆ ಕಾಯಿಲೆಯ ಕಾಲುಗಳು. ದಿನ ಬೆಳಗಾದರೆ ನೆಲದ ಮೇಲೆ ಕೂತು ಅವಕ್ಕೆ ಮುಲಾಮು ಹಚ್ಚಿ, ಬೆರಳ ಸಂದಿಗಳನ್ನು ಒರೆಸಿ, ಕಾಲುಚೀಲ ಏರಿಸುವವಳು ಅವಳೇ. ಬೇಡ, ಹಾಗೆಲ್ಲ ಮಾಡಬೇಡ, ಅವಳೂ ನನ್ನ ಹೆಂಡತಿ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಜಾಗ ಸಿಗದಿದ್ದರೂ ಪರವಾಗಿರಲಿಲ್ಲ.

“ಕಾಲ ಹತ್ರ ಅಂದ್ರೂ ಹತ್ರಾನೇ ಅಲ್ವೇನೇ?” ಎಂದ ವರ್ಲಿನ್. ಗಂಟು ಬಿಡಿಸಿದ ಸಮಾಧಾನ ಅವನಿಗೆ. ಟೋಪಿ ತಲೆಗಿಟ್ಟುಕೊಂಡು, “ಸರಿ, ಫೋಟೋ! ಎಲ್ಲಿ ನನ್ನ ಪ್ರಥಮ ಮಹಿಳೆ?” ಎಂದು ಕೈ ಚಾಚಿದ.

ಚಾಚಿದ ಕೈಯನ್ನು ನಡೀನ್ ಹಿಡಿಯಲಿಲ್ಲ. “ಅಪ್ಪ ಮಗಳು ನಿಂತ್ಕೊಳ್ಳಿ. ನಾನು ತೆಗೀತೀನಿ,” ಎಂದು ಡಾರ್ಲಾಳ ಫೋನ್ ಇಸಿದುಕೊಂಡು ಹಿಂದೆ ಸರಿದಳು. ಬಿಸಿಲು ಅವಳ ಬೆನ್ನಿಗಿತ್ತು. ಅವರಿಬ್ಬರೂ ಜೋಡಿ ಕಲ್ಲಿನ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಕ್ಕರು.

ವರ್ಲಿನ್ ಕನ್ನಡಕ ಏರಿಸಿಕೊಂಡು ಫೋಟೋ ನೋಡಿದ. “ಅಯ್ಯೋ, ನಿನ್ನ ನೆರಳು ಬಿದ್ದುಬಿಟ್ಟಿದೆಯಲ್ಲೇ ನಡೀನ್, ಸರಿಯಾಗಿ ನಮ್ಮ ಕಾಲ ಹತ್ರ!”

“ಅದಕ್ಕೇನಪ್ಪಾ,” ಎಂದು ಡಾರ್ಲಾ ಫೋನಿಗೆ ಕೈ ಚಾಚಿದಳು, “ಕತ್ತರಿಸಿದ್ರಾಯ್ತು.”