ಅಂಗೈಯ ಅಂಜನ

ಹರಳೆಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಬಲಗೈ ತಾನಾಗಿ ಮುಚ್ಚಿಕೊಳ್ಳುತ್ತದೆ.

ಅಂದು ಮಲ್ಲಿಪಟ್ಟಣದ ಸೋದರಮಾವ ಅಣ್ಣಂದಿರನ್ನೆಲ್ಲ ಬಿಟ್ಟು ನನ್ನೊಬ್ಬಳನ್ನೇ ಬೈಕಿನಲ್ಲಿ ಕೂರಿಸಿಕೊಂಡಿದ್ದ. "ಕೋಟೆ ತೋರುಸ್ತೀನಿ ಬಾರವ್ವ, ನೀನೇ ಅಲ್ಲಿಗೆ ರಾಣಿ." ದಾರಿಯಲ್ಲಿ ಕಬ್ಬಿನ ಹಾಲು ಕುಡಿಸಿದ ನೆನಪು, ಅದು ಬೇರೆ ದಿನದ್ದೂ ಇರಬಹುದು.

ಪಾಳುಕೋಟೆಯ ಬುರುಜಿನ ನೆರಳಲ್ಲಿ ಒಬ್ಬ ಮುದುಕ ಕಾಯುತ್ತಿದ್ದ. ಹರಳೆಣ್ಣೆಯಲ್ಲಿ ಕಲಸಿದ ಕಪ್ಪು ಅಂಜನವನ್ನು ನನ್ನ ಅಂಗೈಗೆ ಬಳಿಯುತ್ತ ಕೇಳಿದ: "ಕಾಲು ಮುಂದಾಗಿ ಹುಟ್ಟಿದ್ದು ಇದೇ ಕೂಸಾ?"

"ಊಂ ಸಾ. ಅದ್ಕೇ ಇವ್ಳನ್ನೇ ಕರ್ಕಬಂದೆ," ಎಂದ ಮಾವ.

"ಇಂತಾ ಮಕ್ಳ ಕಣ್ಗೆ ನಿಧಿ ಕಾಣ್ತದೆ ಕಣವ್ವ. ನೋಡಿ ಯೋಳು, ಎಲ್ಲೈತೆ?"

ಕಣ್ಣು ಉರಿಯುವವರೆಗೂ ನೋಡಿದೆ. ಮಾವನಿಗಾಗಿ ಏನಾದರೂ ಕಾಣಲಿ ಎಂದು ಬೇಡಿಕೊಂಡೆ. ಕಂಡದ್ದು ಎಣ್ಣೆಯ ಹೊಳಪು ಮಾತ್ರ.

"ಏನೂ ಇಲ್ಲ ಮಾವ. ಈಗ ಕೋಟೆ ಮ್ಯಾಕೆ ಅತ್ತಾನ?"

"ಸಾಕು ನಡಿ," ಎಂದು ಬೈಕಿನ ಕಿಕ್ ಒದ್ದ. ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಮನೆ ಮುಂದೆ ತಂದು ಇಳಿಸಿದ.

ಅಮ್ಮನಿಗೆ ದೂರು ಹೇಳಲು ಒಳಗೆ ಓಡಿದೆ. ಅವಳು ನನ್ನ ಕಪ್ಪು ಕೈ ನೋಡಿದಳು, ಅದೇನೆಂದು ಕೇಳಲಿಲ್ಲ. ನನ್ನ ತಲೆಯ ಮೇಲಿಂದ, ಹಿಂದೆಯೇ ಬಂದ ತನ್ನ ತಮ್ಮನತ್ತ ನೋಡಿ ಕೇಳಿದಳು: "ಏನಾರ ಕಾಣ್ತೇನ್ಲಾ ಇವ್ಳಿಗೆ?"