ಸವೆಯದ ಮಂಡಿ

ಹೆಂಡತಿಯ ವರ್ಷಾಬ್ದಿಕಕ್ಕೆ ಮೊದಲು ಮಂಡಿನೋವು ಕಳೆಯಬೇಕೆಂದು ಯಜಮಾನರು ಮಗಳ ಜೊತೆ ಆಸ್ಪತ್ರೆಗೆ ಬಂದರು. ಕಾಲೊಳಗೆ ಕೂರಿಸುವ ಕೃತಕ ಮಂಡಿಯ ಮಾದರಿಯನ್ನು ಡಾಕ್ಟರು ಮೇಜಿನ ಮೇಲಿಟ್ಟರು. ಅದು ಚಿನ್ನದ ಬಣ್ಣಕ್ಕೆ ಹೊಳೆಯುತ್ತಿತ್ತು.

"ಇದು ಬೇಡ," ಎಂದರು ಯಜಮಾನರು. "ಸೊಂಟದ ಕೆಳಗೆ ಚಿನ್ನ ಹಾಕಬಾರದು. ಲಕ್ಷ್ಮಿಗೆ ಅಪಚಾರ."

"ಚಿನ್ನ ಅಲ್ಲ ಯಜಮಾನರೇ, ಟೈಟಾನಿಯಂ. ಬರೀ ಟೈಟಾನಿಯಂ ಆದರೆ ಉಜ್ಜಿ ಉಜ್ಜಿ ಸವೆಯುತ್ತೆ. ಅದಕ್ಕೇ ಸಾರಜನಕದಲ್ಲಿ ಕಾಯಿಸಿ ಮೇಲ್ಮೈ ಗಟ್ಟಿ ಮಾಡಿದ್ದಾರೆ. ಹಾಗೆ ಕಾಯಿಸಿದಾಗ ಬಂದ ಬಣ್ಣ ಇದು."

"ನಮ್ಮ ಮನೆಯಾಕೆ ಕಾಲಿಗೆ ಬೆಳ್ಳಿ ಬಿಟ್ಟು ಬೇರೇನೂ ಮುಟ್ಟಿಸಿದವಳಲ್ಲ."

"ಅಮ್ಮ ಇದ್ದಿದ್ದರೆ ನಿಮ್ಮನ್ನ ಬೈದೇ ಒಪ್ಪಿಸ್ತಿದ್ದಳು ಅಪ್ಪಾ," ಎಂದಳು ಮಗಳು.

ಯಜಮಾನರು ಜೇಬಿನಿಂದ ಬೀಗದ ಕೈ ತೆಗೆದು, ಮನಸ್ಸಿನಲ್ಲೇ ದೇವರಿಗೆ ಕೈಮುಗಿದು, ಮಾದರಿಯನ್ನು ಗೀರಿ ನೋಡಿದರು. ಒಂದು ಗೆರೆಯೂ ಬೀಳಲಿಲ್ಲ.

"ಚಿನ್ನ ಇಷ್ಟು ಗಟ್ಟಿ ಇರಲ್ಲ. ಸರಿ, ಹಾಕಿ," ಎಂದರು. "ವರ್ಷಾಬ್ದಿಕಕ್ಕೆ ಇನ್ನು ಮೂರು ತಿಂಗಳಿದೆ. ಅಷ್ಟರಲ್ಲಿ ಆಗುತ್ತಾ?"

"ಧಾರಾಳವಾಗಿ ಓಡಾಡ್ತೀರಿ. ಇಪ್ಪತ್ತು ವರ್ಷ ಸವೆಯೋ ಮಾತೇ ಇಲ್ಲ. ಒಂದು ಮಾತ್ರ ನೆನಪಿರಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರೋ ಹಾಗಿಲ್ಲ."

ಯಜಮಾನರು ಮಾದರಿಯನ್ನು ಪಂಚೆಯ ಅಂಚಿನಿಂದ ಒರೆಸಿ ಡಾಕ್ಟರ ಮುಂದೆ ಇಟ್ಟರು.

"ಓಡಾಡೋ ಕೆಲಸ ನನಗೇನೂ ಉಳಿದಿಲ್ಲ ಡಾಕ್ಟರೇ. ಅವಳಿಗೆ ಪಿಂಡ ಇಡೋವಾಗ ಮಣೆಯ ಮೇಲೆ ಕೂರೋಣ ಅಂತ ಬಂದಿದ್ದೆ."